ಕಲ್ಲಿನ ಸಾಕ್ಷಿ ಓದಿದ ಸಾಹೇಬ್ರು: ರಾಬರ್ಟ್ ಬ್ರೂಸ್ ಫೂಟ್

ಗೆಳೆಯರೇ, ನಮ್ಮ ಕನ್ನಡ ಬಳಗದಲ್ಲಿ ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಸಾಕಷ್ಟು ಜನ ಇದ್ದೀವಿ. ನಮ್ಮಲ್ಲಿ ಯಾರ ಮನೆ ಮಾಡಿನಲ್ಲಿ ನೋಡಿದರೂ ಹಳ್ಳದಲ್ಲಿ ಸಿಕ್ಕ ಒಂದೆರಡು ಹೊಳೆಯೋ ಕಲ್ಲು ಇದ್ದೇ ಇರ್ತವೆ. ಬಾವಿ ತೋಡುವಾಗ ಕರಿಕಲ್ಲಿನ ಹೊಟ್ಟೆಯಲ್ಲಿ ಬಿಳಿ ಹರಳು ಸಿಕ್ಕರೆ ಊರೆಲ್ಲ ವಜ್ರ ಅಂತ ಸುದ್ದಿ. ಹಳದಿ ಮಿಂಚಿದರೆ ಚಿನ್ನ ಅಂತ ಸುದ್ದಿ. ಆದರೆ ಅದು ನಿಜಕ್ಕೂ ಏನು, ಅದನ್ನ ಹೇಗೆ ಗೊತ್ತುಮಾಡಬೇಕು ಅಂತ ಕೇಳುವವರು ಕಡಿಮೆ.

ನೂರೈವತ್ತು ವರ್ಷದ ಹಿಂದೆ ಇದೇ ನೆಲದ ಮೇಲೆ ಕುದುರೆ ಹತ್ತಿಕೊಂಡು, ಸುತ್ತಿಗೆ ಹಿಡಿದುಕೊಂಡು, ಇದೇ ಪ್ರಶ್ನೆ ಕೇಳ್ತಾ ತಿರುಗಿದ ಒಬ್ಬ ಮನುಷ್ಯ ಇದ್ದರು. ಅವರೇ ರಾಬರ್ಟ್ ಬ್ರೂಸ್ ಫೂಟ್. ಇತಿಹಾಸ ಓದಿದವರಿಗೆ ಅವರು ಭಾರತದ ಪ್ರಾಗಿತಿಹಾಸದ ಪಿತಾಮಹ. ಭೂವಿಜ್ಞಾನದವರಿಗೆ ಧಾರವಾಡ ಶಿಲಾವರ್ಗಕ್ಕೆ ಹೆಸರಿಟ್ಟವರು. ಈ ಸಂಚಿಕೆಯಲ್ಲಿ ಅವರ ಬದುಕನ್ನ ನಾವು ಇನ್ನೊಂದು ಕಡೆಯಿಂದ ನೋಡೋಣ ಅಂದುಕೊಂಡಿದ್ದೀವಿ. ಅದಿರು ಗುರುತಿಸುವ ವಿದ್ಯೆಯನ್ನೂ ಇವತ್ತು ನಾವು ಫೊರೆನ್ಸಿಕ್ ಸೈನ್ಸ್ ಅನ್ನುವ ಸಾಕ್ಷಿ ಓದುವ ವಿದ್ಯೆಯನ್ನೂ ಒಟ್ಟಿಗೆ ಕಲಿಯಬೇಕು ಅಂದ್ರೆ ಈ ಸಾಹೇಬ್ರ ಬದುಕೇ ಒಳ್ಳೆ ಪಾಠ.

ಮದರಾಸಿಗೆ ಬಂದ ಹುಡುಗ

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರ ಡಿಸೆಂಬರ್‌ನಲ್ಲಿ, 24ನೇ ವಯಸ್ಸಿಗೆ, ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. ಅಂದ್ರೆ ಈಗಿನ ನಮ್ಮ ಹಾಸ್ಟೆಲ್‌ನ ಸೀನಿಯರ್‌ಗಳ ವಯಸ್ಸು, ಅಷ್ಟೇ. ಮದರಾಸು ಪ್ರಾಂತ್ಯ, ಹೈದರಾಬಾದ್ ನಿಜಾಮರ ಸೀಮೆ, ಮೈಸೂರು, ಮುಂಬೈ ಪ್ರಾಂತ್ಯದ ದಕ್ಷಿಣ ಭಾಗ ಇವೆಲ್ಲ ಅವರ ಓಡಾಟದ ಜಾಗ ಆದವು. ಸರ್ಕಾರ ಅವರಿಗೆ ಕೊಟ್ಟ ಕೆಲಸ ಸೀದಾ ಇತ್ತು: ಯಾವ ಬಂಡೆ ಎಲ್ಲಿದೆ ಅಂತ ನಕ್ಷೆ ಮಾಡು, ಅದರೊಳಗೆ ಕಬ್ಬಿಣ, ಚಿನ್ನ, ಕಲ್ಲಿದ್ದಲು ಇದ್ದರೆ ಹೇಳು. ಆಳುವವರಿಗೆ ಬೇಕಾಗಿದ್ದು ಲಾಭ. ಆದರೆ ಫೂಟ್ ಅವರಿಗೆ ಲಾಭಕ್ಕಿಂತ ಹೆಚ್ಚಾಗಿ ಕಲ್ಲಿನ ಕಥೆಯೇ ಬೇಕಾಗಿತ್ತು.

1863ರ ಮೇ 30. ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಜಂಬಿಟ್ಟಿಗೆಯ ಜಲ್ಲಿ ತೆಗೆಯುವ ಗುಂಡಿಯೊಂದರಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತು. ಬೇರೆಯವರಾಗಿದ್ದರೆ ಕಾಲಲ್ಲಿ ಒದ್ದು ಮುಂದೆ ಹೋಗ್ತಿದ್ದರು. ಫೂಟ್ ನಿಂತು ನೋಡಿದರು. ನೀರಿನಲ್ಲಿ ಉರುಳಿ ಸವೆದ ಕಲ್ಲು ಎಲ್ಲ ಕಡೆಯೂ ದುಂಡಗಾಗಿರುತ್ತದೆ. ಇದರ ಅಂಚು ಹಾಗಿರಲಿಲ್ಲ. ಲೆಕ್ಕ ಹಾಕಿ, ಏಟಿನ ಮೇಲೆ ಏಟು ಹಾಕಿ, ಎರಡೂ ಕಡೆಯಿಂದ ಚಕ್ಕೆ ಎಬ್ಬಿಸಿದ ಗುರುತು ಇತ್ತು. ಅದು ಮನುಷ್ಯ ಮಾಡಿದ ಕೈಗೊಡಲಿ. ಭಾರತದಲ್ಲಿ ಹಳೆ ಶಿಲಾಯುಗದ ಜನ ಇದ್ದರು ಅನ್ನೋದಕ್ಕೆ ಸಿಕ್ಕ ಮೊದಲ ಸಾಕ್ಷಿ. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಸಿಕ್ಕವು. ಆ ಜಾಗದ ಹಳೆಯ ಪದರಗಳಿಗೆ ಸುಮಾರು 15 ಲಕ್ಷ ವರ್ಷ ವಯಸ್ಸು ಅಂತ 2011ರಲ್ಲಿ ಭಾರತೀಯ ಸಂಶೋಧಕರೇ ಮುಂದಾಗಿ ಪ್ರಕಟಿಸಿದರು. ಒಂದು ಕಲ್ಲಿನ ಅಂಚನ್ನ ಸರಿಯಾಗಿ ನೋಡಿದ್ದರ ಫಲ ಎಷ್ಟು ದೂರ ಹೋಯ್ತು ನೋಡ್ರಿ.

ನಮ್ಮ ನೆಲ ಅವರ ನಕ್ಷೆಯಲ್ಲಿ

ಮುಂದೆ ಫೂಟ್ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಕಣಿವೆಗಳನ್ನೆಲ್ಲ ಸುತ್ತಿದರು. ದಕ್ಷಿಣ ಮರಾಠಾ ಸೀಮೆ ಅಂತ ಆಗ ಕರೀತಿದ್ದ ಬೆಳಗಾವಿ, ಧಾರವಾಡ, ಕಲಾದಗಿ ಪ್ರದೇಶದ ಭೂರಚನೆ ಬಗ್ಗೆ ಅವರ ದೊಡ್ಡ ಗ್ರಂಥ 1876ರಲ್ಲಿ ಬಂತು. ಬಾಗಲಕೋಟೆ-ಬಾದಾಮಿ ಕಡೆಯ ಮರಳುಗಲ್ಲು, ಸುಣ್ಣಗಲ್ಲಿನ ಪದರಗಳಿಗೆ ಕಲಾದಗಿ ಅಂತ ಹೆಸರು ನಿಂತದ್ದು ಅವರಿಂದಲೇ.

ಚಡಚಣದಿಂದ ಮುದ್ದೇಬಿಹಾಳದವರೆಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದರೆ ಆ ನಕ್ಷೆಯ ಒಂದು ತುಂಡನ್ನ ನಾವೇ ಓದಬಹುದು. ಭೀಮೆಯ ದಂಡೆಯ ಚಡಚಣ, ಇಂಡಿ ಕಡೆ ಎಲ್ಲಾ ಎರಿ ಭೂಮಿ, ಕೆಳಗೆ ಕರಿಕಲ್ಲು. ಇದು ಡೆಕ್ಕನ್ ಟ್ರ್ಯಾಪ್, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ದಕ್ಷಿಣಕ್ಕೆ ಇಳಿದು ತಾಳಿಕೋಟೆ ಹತ್ತಿರ ಬಂದರೆ ಸುಣ್ಣಗಲ್ಲು. ಮುದ್ದೇಬಿಹಾಳದ ಕಡೆ ಗ್ರಾನೈಟು, ನೈಸ್. ಅಂದ್ರೆ ನೂರಿನ್ನೂರು ಕಿಲೋಮೀಟರ್ ಒಳಗೆ ಕೋಟಿಗಳಿಂದ ಶುರುವಾಗಿ ಇನ್ನೂರು ಕೋಟಿ ವರ್ಷ ಮೀರಿದ ನೆಲದವರೆಗೆ ಹೋಗಿ ಬರ್ತೀವಿ.

ಹಾಗಾದ್ರೆ ಚಡಚಣದ ಬಾವಿಯಲ್ಲಿ ಸಿಗೋ ಬಿಳಿ ಹರಳು ಏನು? ಲಾವಾ ತಣ್ಣಗಾಗುವಾಗ ಒಳಗೆ ಗಾಳಿಗುಳ್ಳೆ ಉಳೀತಾವೆ. ಆಮೇಲೆ ಆ ಗುಳ್ಳೆಗಳಲ್ಲಿ ನೀರು ಸೇರಿ ಜಿಯೊಲೈಟ್, ಕ್ಯಾಲ್ಸೈಟ್, ಅಗೇಟ್ ಕೂಡಿಕೊಳ್ತವೆ. ನೋಡೋಕೆ ಚೆಂದ, ಆದರೆ ವಜ್ರ ಅಲ್ಲ. ಕ್ಯಾಲ್ಸೈಟ್ ಆದರೆ ಚಾಕುವಿನಿಂದ ಕೆರೆದರೆ ಗೀರು ಬೀಳ್ತದೆ, ದುರ್ಬಲ ಆಮ್ಲದ ಒಂದು ಹನಿ ಹಾಕಿದರೆ ನೊರೆ ಬರ್ತದೆ. ವಜ್ರಕ್ಕೆ ಇವೆರಡೂ ಆಗಲ್ಲ. ಊರಿನ ಸುದ್ದಿ ಎರಡು ನಿಮಿಷದಲ್ಲಿ ಇತ್ಯರ್ಥ.

ಅದಿರು ಗುರುತಿಸೋದು ಹೇಗೆ?

ಫೂಟ್ ಕಾಲದಲ್ಲಿ ಎಕ್ಸ್-ರೇ ಯಂತ್ರ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಆ ಕಾಲದ ಸರ್ವೇಯವರ ಕೈಯಲ್ಲಿ ಇದ್ದದ್ದು ಸುತ್ತಿಗೆ, ಭೂತಗನ್ನಡಿ, ಅಯಸ್ಕಾಂತ, ದಿಕ್ಸೂಚಿ, ಸ್ವಲ್ಪ ಆಮ್ಲ, ಊದುಕೊಳವೆ. ಅಷ್ಟರಲ್ಲೇ ಹೆಚ್ಚಿನ ಅದಿರುಗಳನ್ನ ಗುರುತಿಸ್ತಿದ್ದರು. ಆ ಪರೀಕ್ಷೆಗಳು ಇವತ್ತಿಗೂ ನಡೆಯುತ್ತವೆ, ನಾವೂ ಮಾಡಬಹುದು.

ಮೊದಲನೆಯದು ಗೆರೆಯ ಬಣ್ಣ. ಕಲ್ಲಿನ ಮೈಬಣ್ಣ ಮೋಸ ಮಾಡ್ತದೆ, ಪುಡಿಯ ಬಣ್ಣ ಅಷ್ಟು ಸುಲಭಕ್ಕೆ ಮೋಸ ಮಾಡಲ್ಲ. ಮೆರುಗು ಇಲ್ಲದ ಟೈಲ್ಸಿನ ಹಿಂಬದಿಗೆ ಕಲ್ಲನ್ನ ಉಜ್ಜಬೇಕು. ಹೆಮಟೈಟ್ ನೋಡೋಕೆ ಕಪ್ಪಗಿದ್ದರೂ ಗೆರೆ ಕುಂಕುಮಗಂದು. ಮ್ಯಾಗ್ನಟೈಟ್ ಗೆರೆ ಕಪ್ಪು, ಮೇಲಾಗಿ ಅಯಸ್ಕಾಂತಕ್ಕೆ ಅಂಟಿಕೊಳ್ತದೆ. ಲಿಮೊನೈಟ್ ಹಳದಿಗಂದು. ಪೈರೊಲುಸೈಟ್ ಅನ್ನೋ ಮ್ಯಾಂಗನೀಸ್ ಅದಿರು ಕೈಗೇ ಮಸಿ ಹತ್ತಿಸ್ತದೆ. ಇನ್ನು ಎಲ್ಲರನ್ನೂ ಏಮಾರಿಸೋ ಪೈರೈಟ್, ಚಿನ್ನದ ಹಾಗೇ ಹೊಳೆದರೂ ಗೆರೆ ಹಸಿರುಗಪ್ಪು. ನಿಜವಾದ ಚಿನ್ನದ ಗೆರೆ ಚಿನ್ನದ್ದೇ.

ಎರಡನೆಯದು ತೂಕ. ಚಿನ್ನದ ಸಾಪೇಕ್ಷ ಸಾಂದ್ರತೆ 19.3, ಪೈರೈಟಿನದು ಸುಮಾರು 5, ಬೆಣಚುಕಲ್ಲಿನದು 2.65. ಹಾಗಾಗಿಯೇ ನೀರಲ್ಲಿ ಮರಳು ತೊಳೆದರೆ ಬೆಣಚು ಹರಿದು ಹೋಗಿ ಚಿನ್ನ ತಳದಲ್ಲಿ ನಿಲ್ತದೆ. ಮೂರನೆಯದು ಗಡಸುತನ. ಚಿನ್ನ ಮೆತ್ತಗೆ, ಸುತ್ತಿಗೆಯಿಂದ ಬಡಿದರೆ ಹರಡ್ತದೆ. ಪೈರೈಟ್ ಪುಡಿಪುಡಿ ಆಗ್ತದೆ.

ನಾಲ್ಕನೆಯದು ಬೆಂಕಿ. ಊದುಕೊಳವೆಯಿಂದ ಜ್ವಾಲೆಯನ್ನ ಅದಿರಿನ ಪುಡಿಗೆ ಹಾಯಿಸಬೇಕು. ಬೊರ್ಯಾಕ್ಸ್ ಮಣಿಯಲ್ಲಿ ಮ್ಯಾಂಗನೀಸ್ ಇದ್ದರೆ ನೇರಳೆ ಬಣ್ಣ, ಕೋಬಾಲ್ಟ್ ಇದ್ದರೆ ಗಾಢ ನೀಲಿ. ಆರ್ಸೆನಿಕ್ ಇರೋ ಅದಿರನ್ನ ಕಾಯಿಸಿದರೆ ಬೆಳ್ಳುಳ್ಳಿ ವಾಸನೆ. ಈ ಕೊನೆಯದನ್ನ ನಾವು ಯಾರೂ ರೂಮಿನಲ್ಲಿ ಮಾಡಬಾರದು, ಆ ಹೊಗೆ ವಿಷ.

ಇಲ್ಲೊಂದು ಮಾತು ಗಮನಿಸಿ. ಒಂದೇ ಪರೀಕ್ಷೆಯನ್ನ ನಂಬಿ ಯಾರೂ ತೀರ್ಪು ಕೊಡ್ತಿರಲಿಲ್ಲ. ಗೆರೆ, ತೂಕ, ಗಡಸು, ಬೆಂಕಿ, ಕೊನೆಗೆ ಆ ಕಲ್ಲು ಯಾವ ಬಂಡೆಯ ಜೊತೆ ಸಿಕ್ಕಿತು ಅನ್ನೋದು, ಎಲ್ಲವೂ ಒಂದೇ ಮಾತು ಹೇಳಬೇಕು. ಕೋರ್ಟಿನಲ್ಲಿ ಸಾಕ್ಷಿಗಳು ಹೊಂದಬೇಕಲ್ಲ, ಹಾಗೆ.

ಕಪ್ಪತಗುಡ್ಡದ ಚಿನ್ನ

ಈ ಶಿಸ್ತು ಎಷ್ಟು ಬೇಕು ಅನ್ನೋದಕ್ಕೆ ಗದಗದ ಕಪ್ಪತಗುಡ್ಡವೇ ಉದಾಹರಣೆ. ಆಗ ಇದನ್ನ ಡಂಬಳದ ಗುಡ್ಡ ಅಂತಿದ್ದರು. ಅಲ್ಲಿನ ಹಳ್ಳಗಳಲ್ಲಿ ಜಾಲಗಾರರು ಅನ್ನೋ ಜನ ತಲೆಮಾರುಗಳಿಂದ ಮರಳು ತೊಳೆದು ಚಿನ್ನದ ಕಣ ತೆಗೀತಿದ್ದರು. ಬೆಟ್ಟದಲ್ಲಿ ಚಿನ್ನದ ರಾಶಿ ಇದೆ ಅನ್ನೋ ಆಸೆ ಸರ್ಕಾರಕ್ಕೂ ವ್ಯಾಪಾರಿಗಳಿಗೂ ಇತ್ತು. ಫೂಟ್ ಹೋಗಿ ಬಂಡೆಗಳನ್ನ ನೋಡಿದರು, ಜಾಲಗಾರರಿಂದಲೇ ಹಳ್ಳದ ಮರಳು ತೊಳೆಸಿದರು. ಚಿನ್ನ ಸಿಕ್ಕಿತು, ಆದರೆ ಕೊಂಚ. 1874ರಲ್ಲಿ ಬಂದ ಅವರ ವರದಿ ಯಾರಿಗೂ ದೊಡ್ಡ ಆಸೆ ಹುಟ್ಟಿಸಲಿಲ್ಲ. ಇದೆ ಅನ್ನೋದು ಬೇರೆ, ತೆಗೆದರೆ ಗಿಟ್ತದೆ ಅನ್ನೋದು ಬೇರೆ ಅಂತ ಅವರು ಸ್ಪಷ್ಟ ಇದ್ದರು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕಂಪನಿಗಳು ಬಂದು ಅಲ್ಲಿ ಗಣಿ ತೆರೆದವು, ಹೆಚ್ಚು ದಿನ ನಿಲ್ಲಲಿಲ್ಲ.

ಆದರೆ ಅಲ್ಲಿ ಕಲಿತದ್ದು ವ್ಯರ್ಥ ಆಗಲಿಲ್ಲ. ಚಿನ್ನ ಎಲ್ಲಿ ಬೇಕಾದರಲ್ಲಿ ಇರಲ್ಲ, ಒಂದು ಜಾತಿಯ ಹಳೆ ಪದರಶಿಲೆಗಳ ಪಟ್ಟಿಗಳಲ್ಲೇ ಇರ್ತದೆ ಅಂತ ವರ್ಷಗಳ ಓಡಾಟದಿಂದ ಅವರಿಗೆ ಗೊತ್ತಾಯ್ತು. ಆ ಶಿಲೆಗಳಿಗೆ ಧಾರವಾಡ ಅಂತ ಹೆಸರಿಟ್ಟು, ದಕ್ಷಿಣ ಭಾರತದ ಮುಖ್ಯ ಚಿನ್ನದ ಶಿಲಾವರ್ಗ ಇದೇ ಅಂತ 1888ರಲ್ಲಿ ಬರೆದರು. ಕೋಲಾರ, ಹಟ್ಟಿ, ಗದಗ ಮೂರೂ ಈ ವರ್ಗದ ಪಟ್ಟಿಗಳೇ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿಯಲ್ಲಿ ಇವತ್ತಿಗೂ ಕೆಲಸ ನಡೀತಿದೆ. ಬಳ್ಳಾರಿ ಜಿಲ್ಲೆಯ ಮೇಲೆ ಅವರ ಗ್ರಂಥ 1895ರದ್ದು, ಸಂಡೂರಿನ ಬೆಟ್ಟಗಳ ಕಬ್ಬಿಣ, ಮ್ಯಾಂಗನೀಸ್ ಎಲ್ಲ ಅದರಲ್ಲಿ ಬರ್ತದೆ. ಅಲ್ಲಿ ದೊಡ್ಡ ಗಣಿಗಾರಿಕೆ ಶುರುವಾಗಿದ್ದು ಅದಾದ ಮೇಲೆ.

ಒಂದು ಬೇಸರದ ಸಂಗತಿಯನ್ನೂ ಹೇಳಲೇಬೇಕು. ಯಾವ ಹಳ್ಳದಲ್ಲಿ ಚಿನ್ನ ಹೆಚ್ಚು ಬರ್ತದೆ ಅಂತ ಜಾಲಗಾರರಿಗೆ ಫೂಟ್ ಬರೋದಕ್ಕಿಂತ ಎಷ್ಟೋ ಮೊದಲೇ ಗೊತ್ತಿತ್ತು. ವರದಿಯ ಮೇಲೆ ಉಳಿದದ್ದು ಸಾಹೇಬ್ರ ಹೆಸರು. ಮರಿಗೆ ಹಿಡಿದು ನೀರಲ್ಲಿ ನಿಂತವರ ಹೆಸರು ನಮಗೆ ಸಿಗಲ್ಲ.

ಅದಿರಿನಿಂದ ಅಪರಾಧದವರೆಗೆ

ಈಗ ಫೊರೆನ್ಸಿಕ್ ಕಡೆ ಬರೋಣ. ಫೂಟ್ ಪೊಲೀಸಿನವರಲ್ಲ, ಕೊಲೆ ಕೇಸು ನೋಡಿದವರಲ್ಲ. ಆದರೆ ಅವರು ಬದುಕಿದ ಕಾಲದಲ್ಲೇ ಈ ವಿದ್ಯೆ ಕಣ್ಣುಬಿಟ್ಟಿತು, ಅದೂ ಖನಿಜಗಳನ್ನ ಪರೀಕ್ಷಿಸುವ ರಸಾಯನದ ಜೊತೆಗೇ.

ಆರ್ಸೆನಿಕ್ ತಗೊಳ್ಳಿ, ನಮ್ಮ ಹಿರಿಯರು ಪಾಷಾಣ ಅಂತಿದ್ದದ್ದು. ಅದಿರಿನಲ್ಲಿ ಚಿನ್ನದ ಜೊತೆ ಇರೋದೂ ಅದೇ, ಊಟದಲ್ಲಿ ಬೆರೆಸಿ ಕೊಲ್ಲೋದಕ್ಕೆ ಬಳಸಿದ್ದೂ ಅದೇ. 1833ರಲ್ಲಿ ಇಂಗ್ಲೆಂಡಿನ ಒಂದು ವಿಷದ ಕೇಸಿನಲ್ಲಿ ಜೇಮ್ಸ್ ಮಾರ್ಷ್ ಅನ್ನೋ ರಸಾಯನಜ್ಞ ಆರ್ಸೆನಿಕ್ ಪತ್ತೆಮಾಡಿದ್ದರು. ಆದರೆ ಕೋರ್ಟಿಗೆ ತರುವಷ್ಟರಲ್ಲಿ ಅವರ ಸ್ಯಾಂಪಲ್ ಕೆಟ್ಟುಹೋಗಿ ಜ್ಯೂರಿ ನಂಬಲಿಲ್ಲ, ಆರೋಪಿ ಬಿಡುಗಡೆ ಆದ. ಮಾರ್ಷ್ ಸುಮ್ಮನೆ ಕೂರಲಿಲ್ಲ. ಕೆಡದೇ ಉಳಿಯೋ ಸಾಕ್ಷಿ ಬೇಕು ಅಂತ ಹಠಹಿಡಿದು, 1836ರಲ್ಲಿ ಆರ್ಸೆನಿಕ್ಕನ್ನ ಅನಿಲ ಮಾಡಿ, ಕಾಯಿಸಿ, ಗಾಜಿನ ಮೇಲೆ ಕನ್ನಡಿಯಂಥ ಕಪ್ಪು ಲೇಪ ಕೂರಿಸೋ ಪರೀಕ್ಷೆ ಕಂಡುಹಿಡಿದರು. ಮದರಾಸಿನಲ್ಲೂ 1849ರಲ್ಲೇ ಸರ್ಕಾರಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ಶುರುವಾಗಿತ್ತು. ಭಾರತದ ಫೊರೆನ್ಸಿಕ್ ಲ್ಯಾಬುಗಳ ಅಜ್ಜ ಅದು.

1904ರಲ್ಲಿ ಜರ್ಮನಿಯ ಜಾರ್ಜ್ ಪಾಪ್ ಒಂದು ಕೊಲೆಯ ಜಾಗದಲ್ಲಿ ಬಿಟ್ಟುಹೋದ ಕರವಸ್ತ್ರ ಪರೀಕ್ಷಿಸಿದರು. ಅದರಲ್ಲಿ ಕಲ್ಲಿದ್ದಲ ಪುಡಿ, ನಶ್ಯ, ಹಾರ್ನ್‌ಬ್ಲೆಂಡ್ ಅನ್ನೋ ಖನಿಜದ ಕಣ ಇದ್ದವು. ಅನುಮಾನಿತ ವ್ಯಕ್ತಿ ನಶ್ಯ ಏರಿಸೋನು, ಕೆಲಸ ಮಾಡ್ತಿದ್ದದ್ದು ಗ್ಯಾಸ್ ಕಾರ್ಖಾನೆಯಲ್ಲಿ ಮತ್ತು ಜಲ್ಲಿ ಕ್ವಾರಿಯಲ್ಲಿ. ಅವನ ಉಗುರಿನ ಸಂದಿಯಲ್ಲೂ ಅದೇ ಕಣ. ಮುಂದೆ 1910ರಲ್ಲಿ ಫ್ರಾನ್ಸಿನ ಲಿಯೋನಿನಲ್ಲಿ ಲ್ಯಾಬು ತೆರೆದ ಎಡ್ಮಂಡ್ ಲೋಕಾರ್ಡ್ ಹೇಳಿದ ತತ್ವ ಈಗ ಎಲ್ಲರ ಬಾಯಲ್ಲಿದೆ: ಎರಡು ವಸ್ತು ಮುಟ್ಟಿದರೆ ಒಂದರ ಗುರುತು ಇನ್ನೊಂದರಲ್ಲಿ ಉಳೀತದೆ.

ಬೂದಿ ದಿಬ್ಬದ ಕೇಸು

ಫೂಟ್ ಬಿಡಿಸಿದ ಅತಿ ದೊಡ್ಡ ಒಗಟು ನಮ್ಮ ನೆರೆಯದ್ದೇ. ಬಳ್ಳಾರಿ, ರಾಯಚೂರು, ಸುರಪುರದ ಕಡೆ ದೊಡ್ಡ ದೊಡ್ಡ ಬೂದಿ ದಿಬ್ಬಗಳಿವೆ. ಕುಡತಿನಿಯ ಹತ್ತಿರದ್ದು ಪ್ರಸಿದ್ಧ. ಬೂದಿ ಅಲ್ಲಲ್ಲಿ ಕರಗಿ ಗಾಜಿನ ಕಿಟ್ಟದಂತೆ ಆಗಿದೆ. ಭೀಮ ಕೊಂದ ರಾಕ್ಷಸನ ಬೂದಿ ಅಂತ ಒಂದು ಊರಿನವರು, ಹಂಪಿ ಕಡೆ ನಿಂಬಾಪುರದಲ್ಲಿ ವಾಲಿಯ ಚಿತೆ ಅಂತ ಇನ್ನೊಂದು ಊರಿನವರು ಹೇಳ್ತಾರೆ. ಓದಿದವರೂ ಕಡಿಮೆ ಕಥೆ ಕಟ್ಟಲಿಲ್ಲ. ಜ್ವಾಲಾಮುಖಿ ಅಂದರು, ಸುಟ್ಟ ಹೆಣಗಳ ರಾಶಿ ಅಂದರು, ಕಬ್ಬಿಣ ಕರಗಿಸಿದ ಕಿಟ್ಟ ಅಂದರು. 1899ರಲ್ಲಿ ರಾಬರ್ಟ್ ಸೀವೆಲ್ ಇವು ವಿಜಯನಗರ ಕಾಲದವು ಅಂತ ವಾದಿಸಿದರು.

ಫೂಟ್ ಮಾತ್ರ ದಿಬ್ಬದೊಳಗೆ ಏನೇನು ಸಿಕ್ತದೆ ಅಂತ ನೋಡಿದರು. ನಯ ಮಾಡಿದ ಕಲ್ಲಿನ ಕೊಡಲಿ, ಬೀಸೋ ಕಲ್ಲು, ಮಡಕೆ ಚೂರು, ದನಗಳ ಮೂಳೆ. ಅಲ್ಲಿ ನೆಲೆ ಮಾಡಿದವರು ಹೊಸ ಶಿಲಾಯುಗದ ದನಗಾಹಿಗಳು, ಸುಟ್ಟದ್ದು ಹೆಂಡಿ ಅಂತ ತೀರ್ಮಾನಿಸಿದರು. ಆಫ್ರಿಕಾದಲ್ಲಿ ಮುಳ್ಳುಬೇಲಿಯೊಳಗೆ ದನ ಕೂಡುವ ಪದ್ಧತಿಯನ್ನ ಹೋಲಿಕೆಗೆ ತಂದರು. ರಾಕ್ಷಸನಿಂದ ಸೆಗಣಿಗೆ ಇಳಿದದ್ದು ಎಷ್ಟೋ ಜನರಿಗೆ ರುಚಿಸಲಿಲ್ಲ. ಅವರು ತೀರಿಕೊಂಡ ಮೇಲೂ ಜಗಳ ನಡೀತಾನೇ ಇತ್ತು.

1960ರಲ್ಲಿ ಎಫ್. ಇ. ಜಾಯ್ನರ್ ದಿಬ್ಬದ ಬೂದಿಯನ್ನ ಲ್ಯಾಬಿನಲ್ಲಿ ಪರೀಕ್ಷಿಸಿ ಅದು ದನದ ಸೆಗಣಿಯದ್ದೇ ಅಂತ ತೋರಿಸಿದರು. ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೇಲಿಯ ಕಂಬ ನೆಟ್ಟ ಕುಳಿಗಳೂ, ದನಗಳ ಗೊರಸಿನ ಹೆಜ್ಜೆಗಳೂ ಸಿಕ್ಕವು. ಸಾವಿರಾರು ವರ್ಷದ ಹಿಂದೆ ನಡೆದ ಎತ್ತಿನ ಹೆಜ್ಜೆ! ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ಆಮೇಲೆ ನಮ್ಮ ಮುದ್ದೇಬಿಹಾಳದ ಪಕ್ಕದ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಕೆ. ಪದ್ದಯ್ಯ ವರ್ಷಗಟ್ಟಲೆ ಉತ್ಖನನ ಮಾಡಿ ದಿಬ್ಬದ ಜೊತೆಗೇ ಜನ ವಾಸ ಮಾಡಿದ ಜಾಗವನ್ನೂ ತೋರಿಸಿದರು. ಊರಿನ ಹೆಸರಲ್ಲೇ ಬೂದಿ ಇದೆ, ಗಮನಿಸಿ. ಫೂಟ್ ಹೇಳಿದ್ದು ಒಪ್ಪಿಗೆಯಾಗಲು ಅವರು ತೀರಿ ಸುಮಾರು ಅರ್ಧ ಶತಮಾನ ಬೇಕಾಯ್ತು.

ಚೀಟಿ ಅಂಟಿಸುವ ಅಭ್ಯಾಸ

ಗೋಕಾಕದ ಹತ್ತಿರ ಹಳ್ಳದ ದಂಡೆಯಲ್ಲಿ ಸಿಕ್ಕ ಹಲ್ಲು, ಮೂಳೆಗಳನ್ನ ನೋಡಿ ಅವು ಅಳಿದುಹೋದ ಒಂದು ಘೇಂಡಾಮೃಗದವು ಅಂತ 1874ರಲ್ಲಿ ಫೂಟ್ ವಿವರಿಸಿದರು. ಇವತ್ತು ಜೋಳ, ಕಬ್ಬು ಬೆಳೆಯೋ ಆ ಸೀಮೆಯಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಓಡಾಡ್ತಿತ್ತು ಅಂತ ನಮಗೆ ಗೊತ್ತಾಗಿದ್ದು ಹೀಗೆ.

ಅವರು ಎಲ್ಲದರಲ್ಲೂ ಸರಿ ಇದ್ದರು ಅಂತಲ್ಲ. ಹಳೆ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ಜನರೇ ಇಲ್ಲದ ದೊಡ್ಡ ಅಂತರ ಇತ್ತು ಅಂತ ಅವರು ನಂಬಿದ್ದರು. ಆ ನಡುವಿನ ಕಾಲದ ನೆಲೆಗಳು ಆಮೇಲೆ ಬೇಕಾದಷ್ಟು ಸಿಕ್ಕವು. ಆದರೆ ಅವರನ್ನ ತಿದ್ದೋದಕ್ಕೆ ಆಮೇಲಿನವರಿಗೆ ಸಾಧ್ಯವಾದದ್ದು ಅವರದೇ ಒಂದು ಅಭ್ಯಾಸದಿಂದ. ಯಾವ ಕಲ್ಲು ಯಾವ ಊರಲ್ಲಿ ಸಿಕ್ಕಿತು ಅಂತ ಅವರು ಬರೆದಿಟ್ಟಿದ್ದರು. 1891ರಲ್ಲಿ ಸರ್ವೇ ಇಲಾಖೆಯಿಂದ ನಿವೃತ್ತರಾಗಿ, ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಿ, 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದಾಗ ಅದಕ್ಕೆ ಮುಖ್ಯಸ್ಥರಾದರು. ಈಗಿನ ಕರ್ನಾಟಕದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬೇರು ಅದೇ. ಕೊನೆಗಾಲದಲ್ಲಿ ಏರ್ಕಾಡಿನಲ್ಲಿ ನೆಲೆಸಿದರು. ನಾಲ್ಕು ದಶಕ ಕೂಡಿಟ್ಟ ಸಂಗ್ರಹ 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಆ ಸಂಗ್ರಹದ ಪಟ್ಟಿ 1914ರಲ್ಲಿ, ಟಿಪ್ಪಣಿಗಳು 1916ರಲ್ಲಿ ಅಚ್ಚಾದವು. ಆ ಪಟ್ಟಿ ಹಿಡಿದುಕೊಂಡೇ ನಂತರದ ಪುರಾತತ್ವಜ್ಞರು ಊರೂರಿಗೆ ಮತ್ತೆ ಹೋದರು.

ಫೊರೆನ್ಸಿಕ್ ಸೈನ್ಸಿನ ಮೊದಲ ಪಾಠ ಇದೇ. ಎಲ್ಲಿ ಸಿಕ್ಕಿತು, ಯಾವಾಗ, ಯಾರು ತೆಗೆದರು, ಆಮೇಲೆ ಯಾರ ಕೈಗೆ ಹೋಯ್ತು ಅನ್ನೋ ಸರಪಳಿ ಒಂದು ಕಡೆ ಕಡಿದರೂ ಸಾಕ್ಷಿ ಸತ್ತಂತೆ. ಮಾರ್ಷ್ ಸೋತದ್ದು ಸ್ಯಾಂಪಲ್ ಕೆಟ್ಟದ್ದಕ್ಕೆ. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗನ್ನ ಪಕ್ಕದವರದ್ದು ನೋಡಿ ಬರೆಯೋದು ಸಣ್ಣ ವಿಷಯ ಅನ್ನಿಸಬಹುದು. ನಾಳೆ ನಾವೇ ಕಟ್ಟಡದ ಕಾಂಕ್ರೀಟ್ ಕ್ಯೂಬು, ಸೇತುವೆಯ ಕಬ್ಬಿಣ, ಬಾವಿಯ ನೀರು ಪರೀಕ್ಷೆ ಮಾಡಿ ಸಹಿ ಹಾಕೋರು. ಆ ಚೀಟಿ ಸುಳ್ಳಾದರೆ ಅದರ ಮೇಲೆ ಜನ ನಿಂತಿರ್ತಾರೆ.

ಹಾಗಾಗಿ ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ಕೆಲಸ ಮಾಡೋಣ. ಒಂದು ಅಯಸ್ಕಾಂತ, ಒಂದು ಟೈಲ್ಸ್ ಚೂರು, ಒಂದು ಭೂತಗನ್ನಡಿ ಜೊತೆಗಿರಲಿ. ಹಳ್ಳದಲ್ಲಿ ಸಿಕ್ಕ ಕಲ್ಲಿಗೆ ಊರು, ಹಳ್ಳದ ಹೆಸರು, ತಾರೀಖು, ಮೊಬೈಲಿನ ಲೊಕೇಶನ್ ಬರೆದು ಅಂಟಿಸಿ. ಕೈಯಿಂದ ಚಕ್ಕೆ ಎಬ್ಬಿಸಿದ ಹಾಗೆ ಕಾಣೋ ಕಲ್ಲೋ ಹಳೆ ಮಡಕೆ ಚೂರೋ ಕಂಡರೆ ಮಾತ್ರ ಎತ್ತಿಕೊಂಡು ಬರಬೇಡಿ. ಇದ್ದಲ್ಲೇ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಕಾಲೇಜು ಶುರುವಾದ ಮೇಲೆ ಚೀಟಿ ಇರೋ ಕಲ್ಲುಗಳನ್ನೆಲ್ಲ ಒಂದು ಮೇಜಿನ ಮೇಲೆ ಇಟ್ಟು, ಚಡಚಣದ ಕಲ್ಲು ಯಾವುದು, ಮುದ್ದೇಬಿಹಾಳದ್ದು ಯಾವುದು ಅಂತ ಚೀಟಿ ಮುಚ್ಚಿ ಗುರುತಿಸೋಣ. ಚೀಟಿ ಇಲ್ಲದ ಕಲ್ಲು ತಂದವರು ಎಲ್ಲರಿಗೂ ಚಹಾ ಕುಡಿಸಬೇಕು.